ಎಂಟಡಿ ಡಿಶ್‌ಗೆ ಇನ್ನೊಂದು ಬ್ಯಾಂಡ್: ಸೇರಿಸೋದಾ, ಬೇಡ್ವಾ?

ಮಲೆನಾಡು ಕಡೆಗೋ ಕರಾವಳಿ ಕಡೆಗೋ ಹೋದಾಗ ಹಳೇ ಮನೆಗಳ ಅಂಗಳ, ತಾರಸಿ ಸ್ವಲ್ಪ ಗಮನಿಸಿ ನೋಡಿ. ಎಂಟಡಿ ಅಗಲದ, ತುಕ್ಕು ಹಿಡಿದ ಜಾಲರಿ ಡಿಶ್ ಒಂದು ಆಕಾಶ ನೋಡ್ತಾ ನಿಂತಿರುತ್ತೆ. ಕೆಲವು ಕಡೆ ಅದರ ಮೇಲೆ ಬಳ್ಳಿ ಹಬ್ಬಿರುತ್ತೆ. ಅದರ ಪಕ್ಕದಲ್ಲೇ, ಗೋಡೆಗೆ ಬೋಲ್ಟ್ ಹಾಕಿದ ಎರಡಡಿಯ ಚಿಕ್ಕ ಡಿಶ್ ಇರುತ್ತೆ. ದೊಡ್ಡದು ಸಿ ಬ್ಯಾಂಡ್‌ಗೆ, ಚಿಕ್ಕದು ಕೆಯು ಬ್ಯಾಂಡ್‌ಗೆ.

ಈ ಎರಡು ಡಿಶ್‌ಗಳ ನಡುವೆ ಒಂದು ಕಾಲದಲ್ಲಿ ಮನೆಯವರು ತಲೆ ಕೆಡಿಸಿಕೊಂಡ ಪ್ರಶ್ನೆ ಇದೆ. ದೊಡ್ಡ ಡಿಶ್ ಹೇಗೂ ಇದೆಯಲ್ಲ, ಅದಕ್ಕೇ ಇನ್ನೊಂದು ಬ್ಯಾಂಡ್ ಸೇರಿಸಿಬಿಡೋಣವಾ? ಇಲ್ಲಾ ಹೊಸ ಡಿಶ್ ತರೋಣವಾ? ಕೇಳೋಕೆ ಇದು ಮೆಕ್ಯಾನಿಕ್ ಜೊತೆ ಮಾತಾಡಿ ಮುಗಿಸೋ ವಿಷಯ ಅನ್ಸುತ್ತೆ. ಆದರೆ 1997ರಿಂದ 2001ರವರೆಗೆ, ಸುಮಾರು ಮೂರೂವರೆ ವರ್ಷ, ಈ ಪ್ರಶ್ನೆಗೆ ಉತ್ತರ ಕೊಟ್ಟಿದ್ದು ಮೆಕ್ಯಾನಿಕ್ ಅಲ್ಲ, ಭಾರತ ಸರ್ಕಾರ. ‘ಸೇರಿಸುವ ಹಾಗಿಲ್ಲ’ ಅನ್ನೋದು ಆ ಉತ್ತರ. ಇವತ್ತಿನ ಕಥೆ ಅದೇ.

ಮೊದಲು ಬ್ಯಾಂಡ್ ಅಂದ್ರೇನು ಅಂತ ಎರಡು ಮಾತು. ನಮ್ಮ ಪತ್ರಿಕೆಗಳು ಸ್ಪೆಕ್ಟ್ರಮ್ ಅನ್ನೋದಕ್ಕೂ ಫ್ರೀಕ್ವೆನ್ಸಿ ಅನ್ನೋದಕ್ಕೂ ‘ತರಂಗಾಂತರ’ ಅಂತಲೇ ಬರೆದು ಗೊಂದಲ ಮಾಡಿವೆ. ನಾವು ಅಲೆಯ ಉದ್ದದಲ್ಲಿ ಲೆಕ್ಕ ಹಾಕೋಣ, ಅದು ಕೈಯಲ್ಲಿ ಹಿಡಿಯೋ ಹಾಗಿರುತ್ತೆ. 860 ಮೆಗಾಹರ್ಟ್ಸ್ ಅಂದ್ರೆ ಅಲೆಯ ಉದ್ದ ಸುಮಾರು 35 ಸೆಂಟಿಮೀಟರ್, ಒಂದೂವರೆ ಗೇಣು. ಎಸ್ ಬ್ಯಾಂಡ್‌ನ 2.5 ಗಿಗಾಹರ್ಟ್ಸ್‌ನಲ್ಲಿ ಅರ್ಧ ಗೇಣು. ಸಿ ಬ್ಯಾಂಡ್‌ನ 4 ಗಿಗಾಹರ್ಟ್ಸ್‌ನಲ್ಲಿ ಏಳೂವರೆ ಸೆಂಟಿಮೀಟರ್, ನಾಲ್ಕು ಬೆರಳಗಲ. ಕೆಯು ಬ್ಯಾಂಡ್‌ನ 12 ಗಿಗಾಹರ್ಟ್ಸ್‌ನಲ್ಲಿ ಎರಡೂವರೆ ಸೆಂಟಿಮೀಟರ್, ಒಂದು ಹೆಬ್ಬೆರಳಗಲ. ಭಾರತದ ಸ್ಯಾಟಲೈಟ್ ಟಿವಿ ಇತಿಹಾಸ ಅಂದ್ರೆ ಒಂದೂವರೆ ಗೇಣಿನಿಂದ ಹೆಬ್ಬೆರಳಿಗೆ ಇಳಿದ ಇತಿಹಾಸ. ಅಲೆ ಚಿಕ್ಕದಾದ ಹಾಗೆಲ್ಲ ಡಿಶ್‌ನ ಯಜಮಾನ ಬದಲಾಗ್ತಾ ಹೋದ.

ಶುರುವಾಗಿದ್ದು ನಮ್ಮ ಕಡೆಯಿಂದಲೇ. 1975ರ ಆಗಸ್ಟ್ 1ರಂದು ಸೈಟ್ ಅನ್ನೋ ಪ್ರಯೋಗ ಆರಂಭವಾಯ್ತು. ನಾಸಾ ತನ್ನ ಎಟಿಎಸ್-6 ಉಪಗ್ರಹವನ್ನು ಭಾರತಕ್ಕೆ ಕಾಣೋ ಜಾಗಕ್ಕೆ ಸರಿಸಿ ಒಂದು ವರ್ಷದ ಮಟ್ಟಿಗೆ ಇಸ್ರೋಗೆ ಬಳಸೋಕೆ ಕೊಟ್ಟಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಟಿವಿ ಇಟ್ಟರು. ಕರ್ನಾಟಕದಲ್ಲಿ ಆರಿಸಿಕೊಂಡಿದ್ದು ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳನ್ನ. ಬೆಂಗಳೂರಲ್ಲೇ ಇನ್ನೂ ದೂರದರ್ಶನ ಇರಲಿಲ್ಲ, ಆಗಲೇ ಆ ಹಳ್ಳಿಗಳಿಗೆ ಉಪಗ್ರಹದಿಂದ ನೇರವಾಗಿ ಟಿವಿ ಬಂದಿತ್ತು!

ಆ ಡಿಶ್ ಹತ್ತಡಿ ಅಗಲದ್ದು, ಮಾಡಿದ್ದು ಕೋಳಿಗೂಡಿಗೆ ಹಾಕುವಂಥ ತಂತಿ ಬಲೆಯಿಂದ. ಒಂದೂವರೆ ಗೇಣಿನ ಅಲೆಗೆ ಅಷ್ಟು ಸಾಕು. ಬಲೆಯ ತೂತು ಅಲೆಗಿಂತ ತುಂಬಾ ಚಿಕ್ಕದಿದ್ದರೆ ಅಲೆಗೆ ಅದು ತೂತು ಅಂತಲೇ ಗೊತ್ತಾಗಲ್ಲ, ಗಟ್ಟಿ ತಗಡು ಅಂದುಕೊಂಡು ವಾಪಸ್ ಪುಟಿಯುತ್ತೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ. ಆ ಡಿಶ್‌ನ ಯಜಮಾನ ಇಡೀ ಹಳ್ಳಿ. ಟಿವಿ ಮುಂದೆ ಊರೆಲ್ಲ ಕೂತು ನೋಡೋದು. 1976ರ ಜುಲೈ 31ಕ್ಕೆ ಒಪ್ಪಂದ ಮುಗೀತು, ಉಪಗ್ರಹ ಹೋಯ್ತು.

ಆಮೇಲೆ ಇನ್ಸ್ಯಾಟ್. 1982ರ ಏಪ್ರಿಲ್‌ನಲ್ಲಿ ಹಾರಿದ ಇನ್ಸ್ಯಾಟ್-1ಎ ಸೆಪ್ಟೆಂಬರ್‌ಗೇ ಕೈಕೊಡ್ತು. 1983ರ ಆಗಸ್ಟ್ ಕೊನೆಗೆ ಅಮೆರಿಕದ ಚಾಲೆಂಜರ್ ನೌಕೆಯಲ್ಲಿ ಹೋದ ಇನ್ಸ್ಯಾಟ್-1ಬಿ ನಿಂತಿತು. ಅದನ್ನ ನೋಡಿಕೊಂಡಿದ್ದು ಹಾಸನದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ, ಹಾಸನದವರು ಎಂಸಿಎಫ್ ಅನ್ನೋ ಅದೇ ಜಾಗ. ಅದರಲ್ಲಿ ಟಿವಿ ಪ್ರಸಾರಕ್ಕೆ ಅಂತಲೇ ಎಸ್ ಬ್ಯಾಂಡ್ ಇತ್ತು. ಜೊತೆಗೆ ಸಿ ಬ್ಯಾಂಡ್ ಇತ್ತು, ಅದು ಮುಖ್ಯವಾಗಿ ಟೆಲಿಫೋನು, ಡೇಟಾ ಅಂತ ಇಟ್ಟಿದ್ದು. ಸಾಮಾನ್ಯ ಜನ ಸಿ ಬ್ಯಾಂಡ್‌ನಲ್ಲಿ ಸಿನಿಮಾ ನೋಡ್ತಾರೆ ಅಂತ ಆಗ ಯಾರೂ ಯೋಜನೆ ಹಾಕಿರಲಿಲ್ಲ.

ಆ ಯೋಜನೆ ಹೊರಗಿನಿಂದ ಬಂತು, ಅದೂ ಸೆಕೆಂಡ್ ಹ್ಯಾಂಡ್ ಉಪಗ್ರಹದ ಮೇಲೆ. 1984ರ ಫೆಬ್ರವರಿಯಲ್ಲಿ ವೆಸ್ಟಾರ್-6 ಅನ್ನೋ ಅಮೆರಿಕದ ಉಪಗ್ರಹ ಸರಿಯಾದ ಕಕ್ಷೆಗೆ ಹೋಗದೆ ಕೆಳಗೇ ಸಿಕ್ಕಿಹಾಕಿಕೊಳ್ತು. ಅದೇ ನವೆಂಬರ್‌ನಲ್ಲಿ ಡಿಸ್ಕವರಿ ನೌಕೆಯ ಗಗನಯಾತ್ರಿಗಳು ಅದನ್ನ ಹಿಡಿದು ಭೂಮಿಗೆ ವಾಪಸ್ ತಂದರು. ರಿಪೇರಿಯಾಗಿ, ಮಾರಾಟವಾಗಿ, 1990ರ ಏಪ್ರಿಲ್‌ನಲ್ಲಿ ಚೀನಾದ ರಾಕೆಟ್ ಮೇಲೆ ಏಷ್ಯಾಸ್ಯಾಟ್-1 ಅನ್ನೋ ಹೊಸ ಹೆಸರಲ್ಲಿ ಮತ್ತೆ ಹಾರಿತು. 1991ರಲ್ಲಿ ಸ್ಟಾರ್ ಟಿವಿ ಬಂದಿದ್ದು, 1992ರ ಅಕ್ಟೋಬರ್‌ನಲ್ಲಿ ಝೀ ಟಿವಿ ಬಂದಿದ್ದು ಇದೇ ಉಪಗ್ರಹದಿಂದ, ಸಿ ಬ್ಯಾಂಡ್‌ನಲ್ಲಿ. 1994ರಲ್ಲಿ ಉದಯ ಟಿವಿ ಶುರುವಾಗಿ ಕನ್ನಡದವರೂ ಡಿಶ್ ಕಡೆ ತಲೆ ಎತ್ತಿ ನೋಡೋ ಹಾಗಾಯ್ತು.

ಸಿ ಬ್ಯಾಂಡ್‌ಗೆ ಅಷ್ಟು ದೊಡ್ಡ ಡಿಶ್ ಯಾಕೆ ಬೇಕು? ಅದೇ ಫ್ರೀಕ್ವೆನ್ಸಿಯನ್ನ ಭೂಮಿಯ ಮೇಲೆ ಟೆಲಿಫೋನ್ ಇಲಾಖೆಗಳ ಮೈಕ್ರೋವೇವ್ ಟವರ್‌ಗಳೂ ಬಳಸ್ತಿದ್ದವು. ಅವುಗಳಿಗೆ ತೊಂದರೆ ಆಗಬಾರದು ಅಂತ ಉಪಗ್ರಹದಿಂದ ಭೂಮಿಗೆ ಬೀಳೋ ಶಕ್ತಿಗೆ ಅಂತಾರಾಷ್ಟ್ರೀಯ ಮಿತಿ ಇತ್ತು. ಹಾಗಾಗಿ ಮೇಲಿನಿಂದ ಬರೋದೇ ತೆಳು ಸಿಗ್ನಲ್. ತೆಳು ಮಳೆಯಲ್ಲಿ ನೀರು ಹಿಡಿಯೋಕೆ ಅಗಲವಾದ ಪಾತ್ರೆ ಇಡ್ತೀವಲ್ಲ, ಹಾಗೆ. ಹತ್ತಡಿ ಡಿಶ್ ಇಡೋಕೆ ಜಾಗ, ದುಡ್ಡು ಎರಡೂ ಬೇಕು. ಒಬ್ಬರು ಡಿಶ್ ಹಾಕಿ ಇಡೀ ಬೀದಿಗೆ ವೈರ್ ಎಳೆದರೆ ಖರ್ಚು ಹಂಚಿಹೋಗುತ್ತೆ. ಕೇಬಲ್‌ನವರು ಹುಟ್ಟಿದ್ದು ಹೀಗೆ. ಹಳ್ಳಿಯದ್ದಾಗಿದ್ದ ಡಿಶ್ ಈಗ ಕೇಬಲ್‌ನವರದ್ದಾಯ್ತು. ವೈರ್ ತಲುಪದ ತೋಟದ ಮನೆಗಳು ಮಾತ್ರ ಸ್ವಂತಕ್ಕೆ ಎಂಟಡಿ ಹಾಕಿಕೊಂಡವು. ಮಲೆನಾಡಲ್ಲಿ ನೀವು ನೋಡೋ ಜಾಲರಿ ಡಿಶ್‌ಗಳು ಇವೇ.

ಈಗ 1997ಕ್ಕೆ ಬರೋಣ. ಸ್ಟಾರ್ ಟಿವಿ ಐಸ್ಕೈಬಿ ಅನ್ನೋ ಹೆಸರಲ್ಲಿ ಕೆಯು ಬ್ಯಾಂಡ್‌ನಿಂದ ಮನೆಮನೆಗೆ ನೇರ ಪ್ರಸಾರಕ್ಕೆ ತಯಾರಾಗಿತ್ತು. ಎರಡಡಿ ಡಿಶ್, ಒಂದು ಸೆಟ್‌ಟಾಪ್ ಬಾಕ್ಸ್, ಮುಗೀತು. ದೆಹಲಿಯಲ್ಲಿ ಸಂಯುಕ್ತ ರಂಗದ ಸರ್ಕಾರ, ಐ.ಕೆ. ಗುಜ್ರಾಲ್ ಪ್ರಧಾನಿ. ಪ್ರಸಾರ ಕ್ಷೇತ್ರಕ್ಕೆ ಒಂದು ಕಾನೂನು ಬೇಕು ಅಂತ ಆ ಮೇ ತಿಂಗಳಲ್ಲಿ ಮಸೂದೆ ಮಂಡನೆಯಾಗಿ ಜಂಟಿ ಸಮಿತಿಗೆ ಹೋಗಿತ್ತು. ಅದು ಪಾಸಾಗೋದಕ್ಕೆ ಮೊದಲೇ ಐಸ್ಕೈಬಿ ಶುರುವಾಗಿಬಿಟ್ಟರೆ? ಅದಕ್ಕೇ ಜುಲೈನಲ್ಲಿ ಒಂದು ಅಧಿಸೂಚನೆ ಬಂತು: 4,800 ಮೆಗಾಹರ್ಟ್ಸ್‌ಗಿಂತ ಮೇಲಿನ ಫ್ರೀಕ್ವೆನ್ಸಿಯಲ್ಲಿ ಟಿವಿ ಸಿಗ್ನಲ್ ಹಿಡಿಯೋದು, ಹಂಚೋದು ನಿಷೇಧ.

ಆ ಸಂಖ್ಯೆ ಗಮನಿಸಿ. ಇಂಥ ಚಾನೆಲ್ ನೋಡಬೇಡಿ ಅಂತ ಹೇಳಲಿಲ್ಲ, ಇಂಥ ಕಂಪನಿ ಬೇಡ ಅಂತಲೂ ಹೇಳಲಿಲ್ಲ. ಫ್ರೀಕ್ವೆನ್ಸಿ ಪಟ್ಟಿಯ ಮೇಲೆ ಒಂದು ಗೆರೆ ಎಳೆದರು. ಸಿ ಬ್ಯಾಂಡ್ ಗೆರೆಯ ಕೆಳಗೆ, ಕೆಯು ಬ್ಯಾಂಡ್ ಮೇಲೆ. ನಿಮ್ಮ ಎಂಟಡಿ ಡಿಶ್‌ನ ಮೂತಿಗೆ ಕೆಯು ಎಲ್‌ಎನ್‌ಬಿ ಸಿಕ್ಕಿಸಿದ್ರೆ ಕಾನೂನು ಮುರಿದ ಹಾಗೆ. ಎಲ್‌ಎನ್‌ಬಿ ಅಂದ್ರೆ ಡಿಶ್‌ನ ಮುಂದೆ ಕೈ ಚಾಚಿಕೊಂಡಿರೋ ಆ ಚಿಕ್ಕ ಡಬ್ಬಿ, ಸಿಗ್ನಲ್ ಹಿಡಿದು ವೈರ್‌ಗೆ ಕೊಡೋದು.

ವಿದೇಶಿ ಚಾನೆಲ್‌ಗಳು ನೇರವಾಗಿ ಮನೆಯೊಳಗೆ ಬಂದರೆ ಸಂಸ್ಕೃತಿ, ದೇಶದ ಭದ್ರತೆ ಗತಿ ಏನು ಅನ್ನೋ ವಾದ ಆಗ ಜೋರಾಗಿತ್ತು. ಆದರೆ ಅದೇ ಸ್ಟಾರ್ ಚಾನೆಲ್‌ಗಳು ಸಿ ಬ್ಯಾಂಡ್‌ನಲ್ಲಿ ಆರು ವರ್ಷದಿಂದ ಬರ್ತಾನೇ ಇದ್ದವು, ಅದನ್ನ ಯಾರೂ ನಿಲ್ಲಿಸಲಿಲ್ಲ. ನಾಲ್ಕು ಬೆರಳಗಲದ ಅಲೆಯಲ್ಲಿ ಬಂದರೆ ಕೆಡದ ಸಂಸ್ಕೃತಿ ಹೆಬ್ಬೆರಳಗಲದಲ್ಲಿ ಬಂದರೆ ಕೆಡುತ್ತಾ? ನನಗೆ ಈ ವಾದ ಯಾವತ್ತೂ ಒಪ್ಪಿಗೆ ಆಗಿಲ್ಲ. ನಿಜವಾದ ವ್ಯತ್ಯಾಸ ಮಧ್ಯದಲ್ಲಿ ಯಾರಿದ್ದಾರೆ ಅನ್ನೋದು. ಸಿ ಬ್ಯಾಂಡ್‌ನಲ್ಲಿ ಕೇಬಲ್‌ನವರು ಇದ್ದರು, ಅವರಿಗೆ 1995ರ ಕೇಬಲ್ ಕಾಯ್ದೆ ಇತ್ತು, ಅಧಿಕಾರಿ ಹೋಗಿ ‘ಇದನ್ನ ಬಂದ್ ಮಾಡು’ ಅನ್ನಬಹುದಿತ್ತು. ಕೆಯು ಬ್ಯಾಂಡ್‌ನಲ್ಲಿ ಉಪಗ್ರಹಕ್ಕೂ ಮನೆಗೂ ನಡುವೆ ಯಾರೂ ಇರಲ್ಲ. ಒಂದು ಕಂಪನಿ ಕೈಗೆ ಇಡೀ ದೇಶದ ಮನೆಗಳು ಸಿಗುತ್ತಲ್ಲ ಅನ್ನೋ ಭಯಕ್ಕೆ ಅರ್ಥ ಇತ್ತು, ಅದನ್ನ ಒಪ್ಪೋಣ. ಆದರೆ ಅದಕ್ಕೆ ಮದ್ದು ಮಾಲೀಕತ್ವದ ನಿಯಮ, ಬ್ಯಾಂಡ್‌ಗೆ ಬೀಗ ಅಲ್ಲ.

ಕೊನೆಗೆ ಆಗಿದ್ದೂ ಅದೇ. ಆ ಡಿಸೆಂಬರ್‌ನಲ್ಲಿ ಲೋಕಸಭೆ ವಿಸರ್ಜನೆಯಾಗಿ ಮಸೂದೆ ಬಿದ್ದುಹೋಯ್ತು, ನಿಷೇಧ ಮಾತ್ರ ಹಾಗೇ ಉಳೀತು. 2000ದ ನವೆಂಬರ್‌ನಲ್ಲಿ ವಾಜಪೇಯಿ ಸಂಪುಟ ಡಿಟಿಎಚ್‌ಗೆ ಒಪ್ಪಿತು, 2001ರ ಜನವರಿಯಲ್ಲಿ ನಿಷೇಧದ ಅಧಿಸೂಚನೆ ವಾಪಸ್ ಆಯ್ತು. ಬದಲಿಗೆ ಬಂದ ಷರತ್ತುಗಳು: ಒಟ್ಟು ವಿದೇಶಿ ಪಾಲು ಶೇ 49 ಮೀರಬಾರದು, ಚಾನೆಲ್ ಕಂಪನಿ ಅಥವಾ ಕೇಬಲ್ ಕಂಪನಿಗೆ ಶೇ 20ಕ್ಕಿಂತ ಹೆಚ್ಚು ಪಾಲು ಇರಬಾರದು, ಪ್ರವೇಶ ಶುಲ್ಕ 10 ಕೋಟಿ ರೂಪಾಯಿ.

2003ರ ಅಕ್ಟೋಬರ್‌ನಲ್ಲಿ ಡಿಶ್ ಟಿವಿ ಬಂತು. 2004ರ ಡಿಸೆಂಬರ್‌ನಲ್ಲಿ ದೂರದರ್ಶನದ ಡಿಡಿ ಡೈರೆಕ್ಟ್ ಪ್ಲಸ್, 33 ಚಾನೆಲ್, ತಿಂಗಳ ಬಾಡಿಗೆ ಇಲ್ಲ. ಈಗ ಅದೇ ಡಿಡಿ ಫ್ರೀ ಡಿಶ್. ತೋಟದ ಮನೆಯ ಪ್ರಶ್ನೆ ಎದ್ದಿದ್ದು ಆಗ. ಅಂಗಳದಲ್ಲಿ ಎಂಟಡಿ ಡಿಶ್ ಇದೆ, ಮೇಲೆ ಪುಕ್ಕಟೆ ಕೆಯು ಸಿಗ್ನಲ್ ಬೀಳ್ತಿದೆ. ದೊಡ್ಡದು ಇದ್ದಾಗ ಚಿಕ್ಕದು ಯಾಕೆ ಬೇಕು? ಕಾನೂನೂ ಈಗ ಅಡ್ಡ ಇಲ್ಲ. ಒಂದು ಎಲ್‌ಎನ್‌ಬಿ ತಾನೇ, ಸೇರಿಸಿಬಿಡೋಣ ಅಂತ ಯಾರಿಗಾದ್ರೂ ಅನ್ಸುತ್ತೆ.

ಇಲ್ಲಿ ಭೌತಶಾಸ್ತ್ರ ಅಡ್ಡ ಬರುತ್ತೆ, ಅದೂ ಮಜವಾಗಿ. ಡಿಶ್ ದೊಡ್ಡದಾದಷ್ಟೂ, ಅಲೆ ಚಿಕ್ಕದಾದಷ್ಟೂ ಅದರ ನೋಟ ಕಿರಿದಾಗುತ್ತೆ. ಎಂಟಡಿ ಡಿಶ್ ಸಿ ಬ್ಯಾಂಡ್‌ನಲ್ಲಿ ಆಕಾಶದ ಸುಮಾರು ಎರಡು ಡಿಗ್ರಿ ನೋಡುತ್ತೆ. ಅದೇ ಡಿಶ್ ಕೆಯು ಬ್ಯಾಂಡ್‌ನಲ್ಲಿ ನೋಡೋದು ಮುಕ್ಕಾಲು ಡಿಗ್ರಿಗೂ ಕಡಿಮೆ. ಹುಣ್ಣಿಮೆ ಚಂದ್ರನ ಅಗಲ ಅರ್ಧ ಡಿಗ್ರಿ ಅಂತ ನೆನಪಿಟ್ಟುಕೊಂಡ್ರೆ ಇದು ಎಷ್ಟು ಕಿರಿದು ಅಂತ ಗೊತ್ತಾಗುತ್ತೆ. ಎರಡಡಿಯ ಚಿಕ್ಕ ಡಿಶ್‌ಗೆ ಕೆಯು ಬ್ಯಾಂಡ್‌ನಲ್ಲಿ ಸುಮಾರು ಮೂರು ಡಿಗ್ರಿ ನೋಟ. ಅಂದ್ರೆ ಚಿಕ್ಕ ಡಿಶ್ ಕೂರಿಸೋದು ಸುಲಭ, ದೊಡ್ಡದನ್ನ ಕೆಯುಗೆ ಕೂರಿಸೋದು ಕಷ್ಟ. ಹತ್ತು ವರ್ಷದ ತುಕ್ಕು, ಆಷಾಢದ ಗಾಳಿ, ಕಂಬ ಒಂದು ಚೂರು ವಾಲಿದ್ರೂ ಸಿ ಬ್ಯಾಂಡ್ ಚಿತ್ರ ನಿಲ್ಲುತ್ತೆ, ಕೆಯು ಚಿತ್ರ ಹೋಗುತ್ತೆ.

ಎರಡನೇದು ಜಾಲರಿ. ಆಗ ನೆನಪಿಟ್ಟುಕೊಳ್ಳಿ ಅಂದಿದ್ನಲ್ಲ, ಅದು ಈಗ ಬೇಕು. ತೂತು ಅಲೆಯ ಹತ್ತನೇ ಒಂದು ಭಾಗಕ್ಕಿಂತ ಚಿಕ್ಕದಿರಬೇಕು ಅನ್ನೋದು ಸಾಮಾನ್ಯ ಲೆಕ್ಕ. ಸಿ ಬ್ಯಾಂಡ್‌ಗೆ ಏಳು ಮಿಲಿಮೀಟರ್ ತೂತು ನಡೆಯುತ್ತೆ. ಕೆಯುಗೆ ಎರಡೂವರೆ ಮಿಲಿಮೀಟರ್ ದಾಟಬಾರದು. ಸಿ ಬ್ಯಾಂಡ್‌ಗೆ ಅಂತ ಮಾಡಿದ ದೊಡ್ಡ ತೂತಿನ ಜಾಲರಿಯಲ್ಲಿ ಕೆಯು ಅಲೆ ಜರಡಿಯಲ್ಲಿ ಹಿಟ್ಟು ಇಳಿದ ಹಾಗೆ ಇಳಿದುಹೋಗುತ್ತೆ. ಜೊತೆಗೆ ಡಿಶ್‌ನ ಮೈ ಎಲ್ಲೆಲ್ಲಿ ತಗ್ಗು, ಉಬ್ಬು ಇದೆಯೋ ಅದೂ ಕೆಯುಗೆ ಮೂರು ಪಟ್ಟು ಜಾಸ್ತಿ ತಟ್ಟುತ್ತೆ.

ಮೂರನೇದು ಜಾಗ, ಇದು ಮೆಕ್ಯಾನಿಕ್‌ಗಳಿಗೆ ತಲೆ ಬಿಸಿ ಮಾಡಿದ ವಿಷಯ. ಡಿಡಿ ಡೈರೆಕ್ಟ್ ಪ್ಲಸ್ ಮೊದಲು ಬರ್ತಿದ್ದಿದ್ದು 95 ಡಿಗ್ರಿ ಪೂರ್ವದ ಎನ್‌ಎಸ್‌ಎಸ್-6 ಉಪಗ್ರಹದಿಂದ. ನಮ್ಮ ಇನ್ಸ್ಯಾಟ್-3ಎ ಸಿ ಬ್ಯಾಂಡ್ ಸಮೇತ ಇದ್ದಿದ್ದು 93.5ರಲ್ಲಿ. ನಿಮ್ಮ ಡಿಶ್ 93.5ಕ್ಕೆ ತಿರುಗಿದೆ ಅಂತಿಟ್ಟುಕೊಳ್ಳಿ. ಒಂದೂವರೆ ಡಿಗ್ರಿ ಪಕ್ಕದ ಉಪಗ್ರಹ ಹಿಡಿಯಬೇಕು ಅಂದ್ರೆ ಕೆಯು ಎಲ್‌ಎನ್‌ಬಿಯನ್ನ ನಡುವಿನಿಂದ ಎರಡೂವರೆ ಸೆಂಟಿಮೀಟರ್ ಪಕ್ಕಕ್ಕೆ ಇಡಬೇಕು. ಆದರೆ ಅಲ್ಲಿ ಸಿ ಬ್ಯಾಂಡ್ ಎಲ್‌ಎನ್‌ಬಿ ಕೂತಿದೆ, ಸುತ್ತ ಅಂಗೈಗಿಂತ ಅಗಲವಾದ ಉಂಗುರ ಹಾಕಿಕೊಂಡು. ಎರಡನ್ನೂ ಅಲ್ಲಿ ಕೂರಿಸೋಕೆ ಜಾಗವೇ ಇಲ್ಲ! ತುಂಬಾ ಹತ್ತಿರದ ಉಪಗ್ರಹ ಅಂದ್ರೆ ಸುಲಭ ಅನ್ಕೊಳ್ತೀವಿ, ಅದೇ ಕಷ್ಟದ್ದು. ಹತ್ತು ಡಿಗ್ರಿ ದೂರ ಇದ್ದರೆ ಹದಿನಾರು, ಹದಿನೇಳು ಸೆಂಟಿಮೀಟರ್ ಪಕ್ಕಕ್ಕೆ ಪಟ್ಟಿ ಬಿಗಿದು ಕೂರಿಸಬಹುದು.

2007ರಲ್ಲಿ ಇನ್ಸ್ಯಾಟ್-4ಬಿ 93.5ಕ್ಕೆ ಬಂತು, ಸಿ ಮತ್ತು ಕೆಯು ಎರಡೂ ಅದರಲ್ಲೇ, ದೂರದರ್ಶನದ ಪುಕ್ಕಟೆ ಚಾನೆಲ್‌ಗಳೂ ಅಲ್ಲಿಗೆ ಸರಿದವು. ಒಂದೇ ದಿಕ್ಕು, ಎರಡು ಬ್ಯಾಂಡ್. ಈಗ ಸಿ, ಕೆಯು ಎರಡನ್ನೂ ಒಂದೇ ಡಬ್ಬಿಯಲ್ಲಿ ಹಿಡಿಯೋ ಜೋಡಿ ಎಲ್‌ಎನ್‌ಬಿ ನಡುವೆ ಕೂರಿಸಿದ್ರೆ ಲೆಕ್ಕ ಸರಿಹೋಗುತ್ತೆ. ಒಂದು ಚಿಕ್ಕ ಸ್ವಿಚ್ ಹಾಕಿ ಒಂದೇ ವೈರ್‌ನಲ್ಲಿ ಎರಡನ್ನೂ ಒಳಗೆ ತರಬಹುದು. ಜಾಲರಿ ಅಲ್ಲದ ಗಟ್ಟಿ ತಗಡಿನ ಡಿಶ್ ಇದ್ದವರಿಗೆ ಇದು ನಿಜಕ್ಕೂ ಒಳ್ಳೇ ದಾರಿ. ಉಳಿದವರಿಗೆ ಬುದ್ಧಿವಂತ ಮೆಕ್ಯಾನಿಕ್ ಹೇಳೋದು ಒಂದೇ ಮಾತು: ಸಾರ್, ಇದನ್ನ ಮುಟ್ಟಬೇಡಿ, ಪಕ್ಕದಲ್ಲಿ ಚಿಕ್ಕದೊಂದು ಹಾಕೋಣ. ಕೆಯು ಸಿಗ್ನಲ್ ಎಷ್ಟು ಬಲ ಅಂದ್ರೆ ಅದಕ್ಕೆ ದೊಡ್ಡ ಪಾತ್ರೆಯೇ ಬೇಡ. 2005ರ ಕೊನೆಗೆ ಹಾರಿದ ಇನ್ಸ್ಯಾಟ್-4ಎಯಲ್ಲಿ ಕೆಯು ಕಿರಣದ ಶಕ್ತಿ ಅದೇ ಉಪಗ್ರಹದ ಸಿ ಕಿರಣಕ್ಕಿಂತ ಸುಮಾರು 20 ಪಟ್ಟು ಜಾಸ್ತಿ ಇತ್ತು.

ಹಾಗಾದ್ರೆ ದೊಡ್ಡದನ್ನ ಗುಜರಿಗೆ ಹಾಕಿಬಿಡಬಹುದಿತ್ತಲ್ಲ? ಹಾಕಲಿಲ್ಲ. ಕಾರಣ ಜುಲೈ ತಿಂಗಳು. ಅಲೆ ಚಿಕ್ಕದಾದಷ್ಟೂ ಮಳೆಹನಿ ಅದನ್ನ ಜಾಸ್ತಿ ನುಂಗುತ್ತೆ. ಆಗುಂಬೆ ಕಡೆಯ ಮಳೆ ಸುರಿಯೋವಾಗ ಕೆಯು ಬ್ಯಾಂಡ್ ಚಿತ್ರ ಮೊದಲು ಚೌಕ ಚೌಕ ಆಗಿ ಒಡೆಯುತ್ತೆ, ಆಮೇಲೆ ಸಿಗ್ನಲ್ ಇಲ್ಲ ಅನ್ನೋ ನೀಲಿ ಪರದೆ. ಸಿ ಬ್ಯಾಂಡ್ ಅದೇ ಮಳೆಯಲ್ಲಿ ಆರಾಮಾಗಿ ಬರ್ತಿರುತ್ತೆ. ಮಳೆಗಾಲ ಇಡೀ ಮನೆಯೊಳಗೇ ಇರೋ ಊರುಗಳಲ್ಲಿ, ಟಿವಿ ಬೇಕಾಗೋದೇ ಮಳೆ ಬರುವಾಗ. ಇವತ್ತಿಗೂ ಚಾನೆಲ್‌ನವರು ಕೇಬಲ್ ಮತ್ತು ಡಿಟಿಎಚ್ ಕೇಂದ್ರಗಳಿಗೆ ತಮ್ಮ ಸಿಗ್ನಲ್ ಕಳಿಸೋದು ಹೆಚ್ಚಾಗಿ ಸಿ ಬ್ಯಾಂಡ್‌ನಲ್ಲೇ. ದೂರದರ್ಶನ ಕೂಡ ಅಂಡಮಾನ್ ನಿಕೋಬಾರ್‌ಗೆ ಅಂತ ಸಿ ಬ್ಯಾಂಡ್‌ನಲ್ಲೇ ಬೇರೆ ಡಿಟಿಎಚ್ ಸೇವೆ ಕೊಟ್ಟಿತ್ತು.

ಇನ್ನೊಂದು ಘಟನೆ ಹೇಳಲೇಬೇಕು. 2010ರ ಜುಲೈನಲ್ಲಿ ಇನ್ಸ್ಯಾಟ್-4ಬಿಯ ಸೋಲಾರ್ ಫಲಕದಲ್ಲಿ ತೊಂದರೆಯಾಗಿ ಅದರ ಅರ್ಧದಷ್ಟು ಟ್ರಾನ್ಸ್‌ಪಾಂಡರ್‌ಗಳನ್ನ ಆಫ್ ಮಾಡಬೇಕಾಯ್ತು. ಅದೇ ಉಪಗ್ರಹದಲ್ಲಿದ್ದ ಸನ್ ಡೈರೆಕ್ಟ್ 91.5 ಡಿಗ್ರಿಯ ಮೀಸ್ಯಾಟ್-3ಕ್ಕೆ ಹೋಗಬೇಕಾಯ್ತು. ಎರಡೇ ಡಿಗ್ರಿ ವ್ಯತ್ಯಾಸ. ಸ್ಪ್ಯಾನರ್ ಹಿಡಿದು ಚಿಕ್ಕ ಡಿಶ್ ಒಂಚೂರು ತಿರುಗಿಸಿದ್ರೆ ಆಯ್ತು. ಎಂಟಡಿ ಡಿಶ್‌ನ ನಡುವೆ ಕೆಯು ಕೂರಿಸಿ, ಅದೇ ಡಿಶ್‌ನಲ್ಲಿ ಸಿ ಬ್ಯಾಂಡನ್ನೂ ಉಳಿಸಿಕೊಂಡವರು ಇಂಥ ಹೊತ್ತಲ್ಲಿ ಎರಡರಲ್ಲಿ ಒಂದನ್ನ ಬಿಡಬೇಕಾಗುತ್ತೆ.

ಈಗ ನಮ್ಮ ಕಾಲ. ಡಿಡಿ ಫ್ರೀ ಡಿಶ್ ಈಗಲೂ 93.5ರಲ್ಲೇ ಇದೆ, ಜಿಸ್ಯಾಟ್-15ರಲ್ಲಿ. ಸಿ ಬ್ಯಾಂಡ್‌ನ ಬಹಳಷ್ಟು ಚಾನೆಲ್‌ಗಳು ಪೇ ಚಾನೆಲ್ ಆಗಿ ಲಾಕ್ ಆಗಿವೆ, ಹಳೇ ರಿಸೀವರ್‌ಗೆ ಸಿಗಲ್ಲ. ಆದ್ರೂ ಹಳೇ ಡಿಶ್ ಉಳಿಸಿಕೊಂಡು ಪುಕ್ಕಟೆ ಸಿಗೋದನ್ನ ಹುಡುಕೋ ಹುಚ್ಚಿನವರು ಇದ್ದಾರೆ, ನಿಮ್ಮ ಮನೆಯಲ್ಲೂ ಒಬ್ಬ ಮಾವನೋ ಚಿಕ್ಕಪ್ಪನೋ ಇರಬಹುದು. ಅವರು ‘ಕೆಯು ಸೇರಿಸಲಾ?’ ಅಂತ ಕೇಳಿದ್ರೆ, ಡಿಶ್ ಗಟ್ಟಿ ತಗಡಿನದ್ದಾ, 93.5ಕ್ಕೇ ತಿರುಗಿದೆಯಾ ಅಂತ ಮೊದಲು ಕೇಳಿ. ಎರಡಕ್ಕೂ ಹೌದು ಅಂದ್ರೆ ಸೇರಿಸಲಿ. ಇಲ್ಲಾಂದ್ರೆ ಎರಡಡಿಯದ್ದು ಬೇರೆ ತರೋದೇ ವಾಸಿ.

ಆದರೆ ಅವರ ಸಿ ಬ್ಯಾಂಡ್ ಇತ್ತೀಚೆಗೆ ಕಾರಣ ಇಲ್ಲದೆ ಒಡೀತಾ ಇದೆಯಾ ಅಂತಲೂ ಕೇಳಿ. ಯಾಕಂದ್ರೆ 2022ರ ಆಗಸ್ಟ್‌ನಲ್ಲಿ ಮುಗಿದ 5ಜಿ ಹರಾಜಿನಲ್ಲಿ ಮಾರಾಟಕ್ಕಿಟ್ಟಿದ್ದು 3,300ರಿಂದ 3,670 ಮೆಗಾಹರ್ಟ್ಸ್. ಸಿ ಬ್ಯಾಂಡ್ ಟಿವಿ ಶುರುವಾಗೋದು 3,700ರಿಂದ. ಎರಡರ ನಡುವೆ ಇರೋದು 30 ಮೆಗಾಹರ್ಟ್ಸ್ ಬೇಲಿ ಅಷ್ಟೇ. 36,000 ಕಿಲೋಮೀಟರ್ ಮೇಲಿನಿಂದ ಬರೋ ಪಿಸುಮಾತು ಕೇಳೋಕೆ ಅಂತ ಮಾಡಿದ ಎಲ್‌ಎನ್‌ಬಿಗೆ, ಊರಿನ ಟವರ್ ಕಿವಿಯ ಹತ್ತಿರವೇ ಕೂಗಿದ ಹಾಗೆ ಆಗುತ್ತೆ. ಹಳೇ ಅಗಲ ಬ್ಯಾಂಡಿನ ಎಲ್‌ಎನ್‌ಬಿಗಳು 3,400ರಿಂದಲೇ ಕೇಳಿಸಿಕೊಳ್ತವೆ, ಅವಕ್ಕಂತೂ ತಪ್ಪಿಸಿಕೊಳ್ಳೋಕೆ ದಾರಿಯೇ ಇಲ್ಲ. ಈ ಕಂತನ್ನ ನೀವು 5ಜಿ ಫೋನ್‌ನಲ್ಲಿ ಕೇಳ್ತಿದ್ದೀರಿ ಅಂದ್ರೆ, ಬಹುಶಃ ನಿಮ್ಮ ಚಿಕ್ಕಪ್ಪನ ಡಿಶ್ ಪಕ್ಕದ ಬ್ಯಾಂಡ್‌ನಲ್ಲೇ ಕೇಳ್ತಿದ್ದೀರಿ. 3,700ಕ್ಕಿಂತ ಕೆಳಗಿನದನ್ನ ತಡೆಯೋ 5ಜಿ ಫಿಲ್ಟರ್ ಇರುವ ಎಲ್‌ಎನ್‌ಬಿಗಳು ಈಗ ಸಿಗ್ತವೆ. ಕೆಯು ಸೇರಿಸೋದಕ್ಕೆ ಮೊದಲು ಅದನ್ನ ಹಾಕಿ ನೋಡೋಕೆ ಹೇಳಿ.